ಖಜಾಂಚಿ ರೊಕ್ಕ ತಿಂದ ಅಂದಾಗ ನಾನು ಮಾಡಿದ್ದು

ಸುಳ್ಳು ಆರೋಪ ಬಂದವರಿಗೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಹೇಳುವ ಮಾತು ಒಂದೇ. "ದೇವರಿಗೆ ಗೊತ್ತೈತಿ ಬಿಡ್ರಿ." ನನಗೂ ಅದನ್ನೇ ಹೇಳಿದರು. ಸಮಾಧಾನಕ್ಕೆ ಹೇಳಿದ್ದು, ಬೇಜಾರಿಲ್ಲ. ಆದರೆ ಲೆಕ್ಕ ಕೇಳಿದವರಿಗೆ ಇದನ್ನು ಉತ್ತರ ಅಂತ ಕೊಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ದೇವರಿಗೆ ಗೊತ್ತಿದೆ, ನಿಜ. ಕೇಳುತ್ತಿರುವವರು ಕಾಣಿಕೆ ಹಾಕಿದ ಜನ. ಅವರಿಗೆ ಗೊತ್ತಿಲ್ಲ. ಮೇಲಾಗಿ, ಹಣ ತಿಂದವನೂ ಅದೇ ಮಾತು ಹೇಳಬಲ್ಲ, ಅಲ್ವಾ?

ನಾನು ಬಾಗಲಕೋಟೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಕಿರ್ದಿ (ದಿನದ ಜಮಾ-ಖರ್ಚಿನ ಪುಸ್ತಕ), ಖತಾವಣಿ (ಖಾತೆವಾರು ಪುಸ್ತಕ) ದಿನದ ಕೆಲಸ. ಅದಕ್ಕೇ ಸಭೆಯವರು ನನ್ನನ್ನು ಖಜಾಂಚಿ ಮಾಡಿದ್ದು. ನವನಗರದ ಕಡೆಯ ಸಣ್ಣ ಸಭೆ ನಮ್ಮದು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ಹಳೇ ಊರಿಂದ ಬಂದವರು ಇದ್ದಾರೆ. ನನ್ನ ಹಾಗೆ ಗುಳೇದಗುಡ್ಡದ ಮೂಲದವರಿದ್ದಾರೆ. ಅಲ್ಲಿಗೆ ಬಾಸೆಲ್ ಮಿಷನ್ ಬಂದದ್ದು 1851ರಲ್ಲಿ. ಆಗ ನಮ್ಮ ಹಿರಿಯರು ಖಣ ನೇಯುತ್ತಿದ್ದರು. ಉಳಿದವರು ನೌಕರಿಗೆ ಬಂದು ಇಲ್ಲೇ ನಿಂತವರು. ಒಂದೇ ಊರಿನ ಹಳೇ ಸಭೆಯಲ್ಲಾದರೆ ಇವನು ಯಾರ ಮೊಮ್ಮಗ, ಅವರಜ್ಜ ಎಂಥವ ಅಂತ ಎಲ್ಲರಿಗೂ ಗೊತ್ತಿರುತ್ತದೆ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ನಂಬಿಕೆ ಕಾಗದದ ಮೇಲೇ ನಿಲ್ಲಬೇಕು.

ಗಲಾಟೆ ಹುಟ್ಟಿದ್ದು ಸುಗ್ಗಿ ಹಬ್ಬದ ಹರಾಜಿನಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹಿಂಗಾರಿ ರಾಶಿ ಮುಗಿದ ಮೇಲೆ ನಮ್ಮ ಸಭೆಯವರು ಬೆಳೆದದ್ದರಲ್ಲಿ ಮೊದಲ ಪಾಲು ತರುತ್ತಾರೆ. ಬಿಳಿಜೋಳ, ಕಡಲೆ, ಕುಂಬಳಕಾಯಿ, ತೆಂಗಿನಕಾಯಿ, ಕೋಳಿ. ಹೊಲ ಇಲ್ಲದವರು ಶೇಂಗಾ ಹೋಳಿಗೆ ಮಾಡಿ ತರುತ್ತಾರೆ. ಆರಾಧನೆ ಆದ ಮೇಲೆ ಅಂಗಳದಲ್ಲಿ ಹರಾಜು. 40 ರೂಪಾಯಿಯ ಕುಂಬಳಕಾಯಿ 2,000ಕ್ಕೆ ಹೋಗುತ್ತದೆ. ಕೊಂಡವರು ಅದನ್ನೇ ಮತ್ತೆ ಸಭೆಗೆ ಬಿಟ್ಟುಕೊಡುತ್ತಾರೆ, ಅದು ಮತ್ತೊಮ್ಮೆ ಹರಾಜಿಗೆ ಬರುತ್ತದೆ. ಬೀಗರು ಬೀಗರ ನಡುವೆ ಪೈಪೋಟಿ, ನಗು, ಕೂಗಾಟ. ಮಕ್ಕಳಿಗಂತೂ ಕ್ರಿಸ್‌ಮಸ್‌ಗಿಂತ ಇದೇ ಜಾಸ್ತಿ ಇಷ್ಟ.

ಕೂಗಿದವರೆಲ್ಲ ಅಲ್ಲೇ ರೊಕ್ಕ ಎಣಿಸುವುದಿಲ್ಲ. "ಉದ್ರಿ ಬರಕೋರಿ, ಪಗಾರ ಆದಮ್ಯಾಲ ಕೊಡ್ತೀನಿ" ಅನ್ನುವವರು ಬಹಳ. ಹರಾಜಾಗದೆ ಉಳಿದ ಜೋಳದ ಚೀಲಗಳಿಗೆ ಅವತ್ತಿನ ಮಟ್ಟಿಗೆ ಒಂದು ಅಂದಾಜು ಬೆಲೆ ಹಿಡಿಯುತ್ತಿದ್ದರು. ನಗದು, ಉದ್ರಿ, ಅಂದಾಜು ಎಲ್ಲಾ ಕೂಡಿಸಿ ಮೈಕಿನಲ್ಲಿ ಒಂದೇ ಅಂಕಿ ಹೇಳುತ್ತಿದ್ದರು. ಇದು ನಾನು ಖಜಾಂಚಿ ಆಗುವುದಕ್ಕಿಂತ ಎಷ್ಟೋ ಮುಂಚಿನ ಪದ್ಧತಿ. ಆ ವರ್ಷ ಹೇಳಿದ್ದು 1,80,000 ರೂಪಾಯಿ. ಚಪ್ಪಾಳೆ ಬಿತ್ತು. ಸಭೆಯ ಮಾಳಿಗೆಗೆ ಹೊಸ ಪತ್ರಾಸ್ (ತಗಡು) ಹಾಕಿಸುವುದಕ್ಕೆ ಅಂತಲೇ ಎತ್ತಿದ ಹಣ ಅದು.

ಮಳೆಗಾಲ ಬಂತು. ಪತ್ರಾಸ್ ಕೆಲಸ ಅರ್ಧಕ್ಕೆ ನಿಂತಿತ್ತು. ಬ್ಯಾಂಕಿನಲ್ಲಿ ಹಬ್ಬದ ಲೆಕ್ಕಕ್ಕೆ ಬಂದಿದ್ದು 1,32,000 ಮಾತ್ರ, ಗೌಂಡಿಗೆ ಕೊಡಲು ಮುಂದೆ ಹಣ ಇರಲಿಲ್ಲ. ಹಿಂದಿನ ಬೆಂಚುಗಳ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅಲ್ಲಿ ಕೂತು ಒದ್ದೆಯಾದವರು "ಉಳಿದ 48,000 ಎಲ್ಲಿ ಹೋತು?" ಅಂತ ಕೇಳಿದರೆ ತಪ್ಪೇನಿಲ್ಲ. ಆದರೆ ಆ ಪ್ರಶ್ನೆ ವಾಟ್ಸ್ಯಾಪ್ ಗುಂಪಿಗೆ ಹೋಗುವಷ್ಟರಲ್ಲಿ ತೀರ್ಪಾಗಿತ್ತು. ನಾನು ಕಾಕಾ ಅಂತ ಕರೆಯುವ ಒಬ್ಬ ಹಿರಿಯರು ಆಡಿಯೋ ಹಾಕಿದ್ದರು. 48,000 ರೂಪಾಯಿ ಖಜಾಂಚಿ ಮನೆಯಲ್ಲಿದೆ ಅಂತ. ರಾತ್ರಿಯೊಳಗೆ ಅದು ವಿಜಯಪುರ, ಬೆಳಗಾವಿಯ ನೆಂಟರವರೆಗೂ ಮುಟ್ಟಿತು. ನನ್ನ ಹೆಂಡತಿಯ ಅಣ್ಣ ಫೋನ್ ಮಾಡಿ "ಏನ್ರಿ ಮಾವಾರ ಇದು?" ಅಂದಾಗಲೇ ನನಗೆ ಗೊತ್ತಾದದ್ದು.

ಬೈಬಲಿನಲ್ಲಿ ನೆಹೆಮೀಯನ 6ನೇ ಅಧ್ಯಾಯ ಓದಿದವರಿಗೆ ಇದು ಹೊಸದಲ್ಲ. ಯೆರೂಸಲೇಮಿನ ಗೋಡೆ ಕಟ್ಟಿಸುತ್ತಿದ್ದ ನೆಹೆಮೀಯನಿಗೆ ಅವನ ವಿರೋಧಿ ಸನ್ಬಲ್ಲಟ ಐದನೇ ಸಲ ಕಳಿಸಿದ್ದು ತೆರೆದ ಪತ್ರ. ದಾರಿಯಲ್ಲಿ ಯಾರು ಬೇಕಾದರೂ ಓದಲಿ ಅಂತಲೇ ಹಾಗೆ ಕಳಿಸಿದ್ದು ಅಂತ ನನಗೆ ಅನ್ನಿಸುತ್ತದೆ. ನೀನು ಅರಸನಾಗಲು ಹೊರಟಿದ್ದೀಯಂತೆ, ಜನ ಹೇಳುತ್ತಿದ್ದಾರೆ, ಇನ್ನೊಬ್ಬ ವಿರೋಧಿ ಗೆಷೆಮನೂ ಹೇಳುತ್ತಾನೆ ಅನ್ನುವುದು ಅದರ ಒಕ್ಕಣೆ. ಯಾರು ನೋಡಿದರು, ಏನು ಸಾಕ್ಷಿ ಅನ್ನುವುದು ಅದರಲ್ಲಿ ಇಲ್ಲ. ನೆಹೆಮೀಯ ಕೊಟ್ಟ ಉತ್ತರ ಬಹಳ ಚಿಕ್ಕದು. ನೀನು ಹೇಳುವಂಥದ್ದು ಏನೂ ನಡೆದಿಲ್ಲ, ನೀನೇ ಹುಟ್ಟಿಸಿದ್ದು ಅಂದ. ಗೋಡೆಯ ಕೆಲಸಕ್ಕೆ ವಾಪಸ್ ಹೋದ.

ನಾನೂ ಗುಂಪಿನಲ್ಲಿ ಚಿಕ್ಕದಾಗಿಯೇ ಬರೆದೆ. ಆರೋಪ ಸುಳ್ಳು, ಪುಸ್ತಕಗಳನ್ನು ಸಮಿತಿಗೆ ಒಪ್ಪಿಸುತ್ತೇನೆ, ತನಿಖೆ ಆಗಲಿ. ಅಷ್ಟೇ. ಆಮೇಲೆ ಅಲ್ಲಿ ಬಾಯಿ ತೆರೆಯಲಿಲ್ಲ. ಕಷ್ಟ ಆದದ್ದು ನನ್ನ ಬಾಯಿ ಮುಚ್ಚಿಕೊಳ್ಳುವುದಲ್ಲ, ನನ್ನ ಪರ ಇದ್ದವರ ಬಾಯಿ ಮುಚ್ಚಿಸುವುದು. ಪ್ರೀತಿಯಿಂದಲೇ ಉದ್ದುದ್ದ ಬರೆಯುತ್ತಿದ್ದರು. ಎರಡು ಮೆಸೇಜ್ ಆಗುವಷ್ಟರಲ್ಲಿ ಮಾತು ಕಾಕಾ ಅವರ ಮನೆ ಜಗಳಗಳಿಗೆ ಬಂದು ನಿಂತಿತ್ತು. ಒಬ್ಬೊಬ್ಬರಿಗೂ ಫೋನ್ ಮಾಡಿ ನಿಲ್ಲಿಸಿರಿ ಅಂತ ಕೇಳಿಕೊಂಡೆ. ನಿಲ್ಲಿಸಿದರು, ಒಬ್ಬರನ್ನು ಬಿಟ್ಟು.

ಇನ್ನು ಮತ್ತಾಯ 18ನೇ ಅಧ್ಯಾಯ. ಸಹೋದರ ನಿನಗೆ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಅವನೊಬ್ಬನ ಹತ್ತಿರ ಮಾತಾಡು ಅನ್ನುತ್ತದೆ. ಕೇಳದಿದ್ದರೆ ಒಬ್ಬಿಬ್ಬರನ್ನು ಕರಕೊಂಡು ಹೋಗು. ಆಮೇಲೆ ಸಭೆ. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಮೊದಲು ಗುಂಪು, ಆಮೇಲೆ ಅಯ್ಯನವರು (ಪಾದ್ರಿಗಳು), ಕೊನೆಗೆ ಬೇಕಾದರೆ ಆ ಮನುಷ್ಯ. ಅವರು ತಲೆಕೆಳಗು ಮಾಡಿದರು ಅಂತ ನಾನೂ ಹಾಗೇ ಮಾಡಬೇಕಿಲ್ಲವಲ್ಲ. ಅಂಗಡಿ ಮುಗಿಸಿ ನೇರ ಕಾಕಾ ಮನೆಗೆ ಹೋದೆ. ಯಾರನ್ನೂ ಕರಕೊಂಡು ಹೋಗಲಿಲ್ಲ. ಫೋನು ರೆಕಾರ್ಡಿಂಗಿಗೆ ಹಾಕಿಕೊಂಡು ಹೋಗು ಅಂತ ಒಬ್ಬ ಗೆಳೆಯ ಹೇಳಿದ್ದ. ಅದನ್ನೂ ಮಾಡಲಿಲ್ಲ.

ಟಿವಿ ನೋಡುತ್ತಾ ಕೂತಿದ್ದರು. ಬಾ ಅನ್ನಲಿಲ್ಲ. ಕಾಕೂ ಮಾತ್ರ ಚಹಾ ಇಟ್ಟರು.

"ಕಾಕಾ, ನಾ ಜಗಳಕ್ಕ ಬಂದಿಲ್ಲ. ನಿಮಗ ನನ್ನ ಮ್ಯಾಲ ಯಾಕ ಸಂಶಯ ಬಂತು, ಅದನ್ನಷ್ಟ ಹೇಳ್ರಿ" ಅಂದೆ.

ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಟಿವಿ ಕಡೆಗೇ ನೋಡುತ್ತಾ, "ನನ್ನ ಐದ್ ಸಾವಿರ ನಾ ಕೊಟ್ಟೀನಿ. ಆದ್ರೂ ಬೋರ್ಡಿನ್ಯಾಗ ನನ್ನ ಹೆಸರು ಹಚ್ಚೀರಿ. ಮಂದಿ ಮುಂದ ನನ್ನ ಮಾನ ಕಳದ್ರಿ" ಅಂದರು.

"ಪಾವತಿ ಐತೇನ್ರಿ?" ಅಂತ ರಸೀದಿ ಕೇಳಿದೆ.

"ದೇವರ ಮನಿ ರೊಕ್ಕಕ್ಕ ಪಾವತಿ ಯಾಂವ ಇಟ್ಕೋತಾನ, ತಮ್ಮಾ?"

ವಿಷಯ ಇದು. ಬಾಕಿ ಇದ್ದವರ ಪಟ್ಟಿಯನ್ನು ಸಮಿತಿ ನೋಟಿಸ್ ಬೋರ್ಡಿಗೆ ಹಚ್ಚಿತ್ತು. ಅದರಲ್ಲಿ ಕಾಕಾ ಹೆಸರಿನ ಮುಂದೆ 5,000 ಇತ್ತು. ತಾವು ಕೊಟ್ಟ ಹಣವೇ ಕಾಣೆಯಾಗಿದೆ ಅಂದಮೇಲೆ ಉಳಿದದ್ದೂ ಹಾಗೇ ಹೋಗಿರಬೇಕು ಅಂತ ಅವರ ಲೆಕ್ಕ. ಗುಂಪಿನಲ್ಲಿ ನಾನು ಒಂದು ತಿಂಗಳು ವಾದ ಮಾಡಿದ್ದರೂ ಈ ಮಾತು ಹೊರಗೆ ಬರುತ್ತಿರಲಿಲ್ಲ. ಮಾನ ಹೋಯಿತು ಅಂತ ಯಾರೂ ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದಿಲ್ಲ. ನಾನು ಅಲ್ಲಿ ವಾದಕ್ಕೆ ಇಳಿಯಲಿಲ್ಲ. ಲೆಕ್ಕ ನೋಡುವುದಕ್ಕೆ ನಿಮ್ಮ ಕಡೆಯಿಂದ ಒಬ್ಬರನ್ನು ನೀವೇ ಆರಿಸಿ ಕೊಡಿ ಅಂದೆ. ಆಗ ಮೊದಲ ಸಲ ನನ್ನ ಮುಖ ನೋಡಿದರು.

ಮರುದಿನ ಸಮಿತಿಗೆ ಪತ್ರ ಕೊಟ್ಟೆ. ತನಿಖೆ ಮುಗಿಯುವವರೆಗೆ ಖಜಾಂಚಿ ಕೆಲಸ ಬೇರೆಯವರು ನೋಡಲಿ, ಚೆಕ್ಕಿಗೆ ನನ್ನ ಸಹಿ ಬೇಡ ಅಂತ. ಬಹಳ ಜನ ಬೇಡ ಅಂದರು. ಸರಿದರೆ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತದೆ ಅನ್ನುವುದು ಅವರ ಮಾತು. ಪೂರ್ತಿ ರಾಜೀನಾಮೆ ಕೊಟ್ಟು ಮನೆಗೆ ಹೋಗಿದ್ದರೆ ಹಾಗೇ ಆಗುತ್ತಿತ್ತು, ಒಪ್ಪುತ್ತೇನೆ. ಆದರೆ ಕೀಲಿ ನನ್ನ ಕಿಸೆಯಲ್ಲಿ ಇಟ್ಟುಕೊಂಡು ನನ್ನ ಲೆಕ್ಕವನ್ನು ತನಿಖೆ ಮಾಡಿ ಅನ್ನುವುದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ಹಾಗಾಗಿ ಹುದ್ದೆ ಬಿಡಲಿಲ್ಲ, ಕೈ ಮಾತ್ರ ತೆಗೆದೆ.

ಒಪ್ಪಿಸುವಾಗ ಒಂದು ಎಚ್ಚರ ಬೇಕು. ಪ್ರಾಮಾಣಿಕನಾಗಿರುವುದು ಅಂದರೆ ಪೆದ್ದನಾಗಿರುವುದು ಅಂತ ಯಾವ ವಚನವೂ ಹೇಳುವುದಿಲ್ಲ. ಕಿರ್ದಿ, ಬಳಸಿದ ಪಾವತಿ ಪುಸ್ತಕಗಳು, ಬಳಸದವು, ಹರಾಜಿನ ದಿನ ಪೆನ್ಸಿಲ್‌ನಲ್ಲಿ ಬರೆದ ಹಾಳೆಗಳು, ವೋಚರ್ ಫೈಲು, ಪಾಸ್‌ಬುಕ್, ಕಾಣಿಕೆ ಪೆಟ್ಟಿಗೆಯ ಕೀಲಿ, ಕೈಯಲ್ಲಿದ್ದ ಚಿಲ್ಲರೆ ನಗದು. ಎಲ್ಲದಕ್ಕೂ ಪಟ್ಟಿ ಮಾಡಿದೆ. ಪ್ರತಿ ಪುಸ್ತಕದ ಕೊನೆಯಲ್ಲಿ ಬರೆದ ಸಾಲಿನ ಕೆಳಗೆ ಗೆರೆ ಎಳೆದು ತಾರೀಖು ಹಾಕಿ ಇಬ್ಬರ ಸಹಿ ಮಾಡಿಸಿದೆ, ಮುಂದೆ ಯಾರೂ ಏನೂ ಸೇರಿಸಬಾರದಲ್ಲ. ಮುಖ್ಯ ಪುಟಗಳ ಝೆರಾಕ್ಸ್ ಸಮಿತಿಯವರ ಮುಂದೆಯೇ ತೆಗೆಸಿಕೊಂಡೆ. ಪಟ್ಟಿಯ ಮೇಲೆ ಮುಟ್ಟಿತು ಅಂತ ಬರೆಸಿಕೊಂಡೆ. ಕಾರ್ಯದರ್ಶಿಯವರಿಗೆ ಸ್ವಲ್ಪ ಬೇಸರ ಆಯಿತು. "ನಮ್ಮ ಮ್ಯಾಲ ನಂಬಿಕಿ ಇಲ್ಲೇನ್ರಿ?" ಅಂದರು. ನಂಬಿಕೆಯ ಮೇಲೆ ನಡೆದದ್ದಕ್ಕೇ ಇಲ್ಲಿಗೆ ಬಂದು ನಿಂತಿದ್ದೇವಲ್ಲ ಸರ್ ಅಂದೆ.

ಈ ಬರೆಸಿಕೊಳ್ಳುವ ಕೆಲಸ ಲೌಕಿಕದ್ದು, ದೇವರ ಮನೆಗೆ ಇದೆಲ್ಲ ಯಾಕೆ ಅಂತ ಅನ್ನಿಸಿದವರು ಎಜ್ರನ 8ನೇ ಅಧ್ಯಾಯ ನೋಡಬೇಕು. ಬಾಬೆಲಿನಿಂದ ಯೆರೂಸಲೇಮಿಗೆ ಹೊರಟಾಗ ಯಾಜಕ ಎಜ್ರ 650 ತಲಾಂತು (ಆ ಕಾಲದ ತೂಕ) ಬೆಳ್ಳಿಯನ್ನೂ ಅದರ ಜೊತೆ ಬಂಗಾರವನ್ನೂ ಸುಮ್ನೆ ಒಪ್ಪಿಸಿಬಿಡಲಿಲ್ಲ. ಯಾಜಕರಿಗೆ ತೂಕ ಮಾಡಿ ಕೊಟ್ಟ. ಅಲ್ಲಿ ಮುಟ್ಟಿದ ಮೇಲೆ ದೇವಾಲಯದಲ್ಲಿ ಮತ್ತೆ ತೂಕ ಆಯಿತು, ಎಲ್ಲಾ ಬರೆದಿಟ್ಟರು. ಅವರು ಉಪವಾಸ ಮಾಡಿ ಪ್ರಾರ್ಥಿಸಿ ಹೊರಟವರು. ಆದರೂ ತಕ್ಕಡಿ ಬಿಡಲಿಲ್ಲ. ಪೌಲನೂ ಹಾಗೇ. ಯೆರೂಸಲೇಮಿನ ಬಡವರಿಗೆ ಎತ್ತಿದ ಹಣವನ್ನು ಒಬ್ಬನೇ ಹೊತ್ತುಕೊಂಡು ಹೋಗಲು ಒಪ್ಪಲಿಲ್ಲ. ತನ್ನ ಸಂಗಡಿಗ ತೀತನ ಜೊತೆಗೆ ಸಭೆಗಳೇ ಆರಿಸಿದ ಇನ್ನೊಬ್ಬನನ್ನು ಇಟ್ಟುಕೊಂಡ. ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ಬೆರಳು ತೋರಿಸಬಾರದು, ಕರ್ತನ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ಸರಿಯಾಗಿ ಕಾಣಬೇಕು ಅನ್ನುವುದು ಅವನು 2 ಕೊರಿಂಥ 8ರಲ್ಲಿ ಕೊಡುವ ಕಾರಣ. ಅಪೊಸ್ತಲನಿಗೇ ಇಲ್ಲದ ವಿನಾಯಿತಿ ದಲಾಲಿ ಅಂಗಡಿಯ ಗುಮಾಸ್ತನಿಗೆ ಎಲ್ಲಿಂದ ಬರಬೇಕು?

ನನ್ನ ಮೇಲೆ ಪ್ರೀತಿ ಇದ್ದ ಒಬ್ಬರು 2 ಅರಸುಗಳು 12 ತೋರಿಸಿದರು. ಅಲ್ಲಿ ದೇವಾಲಯ ದುರಸ್ತಿಗೆ ಹಣ ಪಡೆದವರು ನಂಬಿಗಸ್ತರಾಗಿ ಕೆಲಸ ಮಾಡಿದ್ದರಿಂದ ಅವರ ಹತ್ತಿರ ಲೆಕ್ಕ ಕೇಳಲಿಲ್ಲ ಅಂತ ಇದೆ. ನೀವೂ ಹೇಳಿಬಿಡಿ ಅಂದರು. ಆ ವಚನ ನಿಜ. ಆದರೆ ಅದಕ್ಕೆ ಸ್ವಲ್ಪ ಮೇಲೆಯೇ ಪೆಟ್ಟಿಗೆಯ ಹಣವನ್ನು ಅರಸನ ಲೇಖಕ ಮತ್ತು ಮಹಾಯಾಜಕ ಇಬ್ಬರೂ ಕೂಡಿ ಎಣಿಸುತ್ತಿದ್ದರು ಅಂತಲೂ ಇದೆ. ಅದಲ್ಲದೆ ನಮ್ಮ ಲೆಕ್ಕ ಕೇಳಬೇಡಿ ಅಂತ ಆ ಕೆಲಸದವರು ತಾವೇ ಹೇಳಿಕೊಂಡಿಲ್ಲ. ಕೇಳದೆ ಇರುವುದು ಕೊಟ್ಟವರ ಹಕ್ಕು, ಇಸಕೊಂಡವರದ್ದಲ್ಲ.

ತನಿಖೆಗೆ ಮೂವರು ಕೂತರು. ಕಾಕಾ ತಮ್ಮ ಬೀಗರನ್ನು ಕೊಟ್ಟರು, ನಿವೃತ್ತ ತಲಾಠಿ (ಗ್ರಾಮ ಲೆಕ್ಕಿಗ), ಗಟ್ಟಿ ಮನುಷ್ಯ. ಸಮಿತಿಯಿಂದ ಒಬ್ಬ ಟೀಚರ್, ಮೀಟಿಂಗಿನಲ್ಲಿ ಯಾವಾಗಲೂ ನನ್ನ ವಿರುದ್ಧ ಮಾತಾಡುವವರು. ಅವರೇ ಇರಲಿ ಅಂತ ನಾನೇ ಕೇಳಿದ್ದೆ. ಮೂರನೆಯವರು ಸಭೆಗೆ ಸಂಬಂಧ ಇಲ್ಲದ ಒಬ್ಬ ಲೆಕ್ಕಪರಿಶೋಧಕರು. ಸ್ನೇಹಿತರಿಂದ ಬರುವ ಖುಲಾಸೆಗೆ ಬೆಲೆ ಕಡಿಮೆ. ಕೆಲವರು 1 ತಿಮೊಥೆಯ 5ರ ಮಾತು ಎತ್ತಿದರು. ಹಿರಿಯನ ಮೇಲೆ ಇಬ್ಬರು ಮೂವರು ಸಾಕ್ಷಿ ಇಲ್ಲದೆ ದೂರು ತಗೋಬೇಡ ಅನ್ನುತ್ತದಲ್ಲ, ಕಾಕಾ ಹತ್ತಿರ ಸಾಕ್ಷಿ ಎಲ್ಲಿದೆ, ದೂರು ಬಿಸಾಕಿ ಅಂತ. ಆ ವಚನದಿಂದ ತಪ್ಪಿಸಿಕೊಂಡವರನ್ನು ನಾನು ನೋಡಿದ್ದೇನೆ. ಅದರ ಮುಂದಿನ ವಚನ, ಪಾಪ ಮಾಡಿದ ಹಿರಿಯನನ್ನು ಎಲ್ಲರ ಮುಂದೆ ಗದರಿಸು ಅನ್ನುವುದು, ಅವರು ಓದುವುದೇ ಇಲ್ಲ.

ಸಂಜೆ ಸಂಜೆ ಸಂಡೇ ಸ್ಕೂಲಿನ ಕೋಣೆಯಲ್ಲಿ ಕೂರುತ್ತಿದ್ದರು. ತಲಾಠಿ ಹರಾಜಿನ ಹಾಳೆ ಓದುವುದು, ಟೀಚರ್ ಪಾವತಿಯ ಉಳಿದ ಪ್ರತಿ ಹುಡುಕುವುದು, ಪರಿಶೋಧಕರು ಕಿರ್ದಿಯಲ್ಲಿ ಟಿಕ್ ಹಾಕುವುದು. ನನ್ನನ್ನು ಕರೆದಾಗ ಮಾತ್ರ ಒಳಗೆ ಹೋಗಿ ಕೇಳಿದ್ದಕ್ಕೆ ಉತ್ತರ ಹೇಳಿ ಬರುತ್ತಿದ್ದೆ. 48,000ದಲ್ಲಿ 36,000 ಬರಬೇಕಾದ ಉದ್ರಿ. ಒಬ್ಬೊಬ್ಬರ ಮನೆಗೆ ಹೋಗಿ ಕೇಳಿ, ಹೌದು ಕೊಟ್ಟಿಲ್ಲ ಅಂತ ಸಹಿ ಹಾಕಿಸಿಕೊಂಡು ಬಂದರು. 7,000 ಜೋಳದ್ದು. ಮೈಕಿನಲ್ಲಿ ಹಿಡಿದ ಅಂದಾಜಿಗಿಂತ ಎಪಿಎಂಸಿಯಲ್ಲಿ ಅಷ್ಟು ಕಡಿಮೆಗೆ ಹೋಗಿತ್ತು, ಮಾರಾಟದ ಪಟ್ಟಿ ಫೈಲಿನಲ್ಲೇ ಇತ್ತು. ಉಳಿದ 5,000 ಮಾತ್ರ ಸಿಗಲಿಲ್ಲ. ಕಾಕಾ ಹೇಳಿದ್ದೇ 5,000. ತಲಾಠಿ ಮುಖ ಗಂಟಿಕ್ಕಿತು.

ಸಿಕ್ಕಿದ್ದು ಟೀಚರಿಗೆ. ಹಬ್ಬದ ಮುಂದಿನ ಭಾನುವಾರದ ಒಂದು ಪಾವತಿ, ಕಾಕಾ ಮಗನ ಹೆಸರಲ್ಲಿ, 5,000, ಬಾಬ್ತು ಸಾಮಾನ್ಯ ಕಾಣಿಕೆ. ಅಪ್ಪ ಕೊಟ್ಟು ಕಳಿಸಿದ ರೊಕ್ಕವನ್ನು ಹುಡುಗ ಕೌಂಟರಿನಲ್ಲಿ ಕೊಟ್ಟಿದ್ದ, ಯಾತಕ್ಕೆ ಅಂತ ಹೇಳಿರಲಿಲ್ಲ. ಯುವಕ ಸಂಘದ ಹುಡುಗ ಕಾಣಿಕೆ ಅಂತ ಬರೆದು ಪಾವತಿ ಹರಿದು ಕೊಟ್ಟಿದ್ದ. ಹಣ ಆ ವಾರವೇ ಬ್ಯಾಂಕಿಗೆ ಹೋಗಿತ್ತು, ಬೇರೆ ಬಾಬ್ತಿನಲ್ಲಿ. ತಲಾಠಿ ಆ ಪುಟದ ಫೋಟೋ ತೆಗೆದುಕೊಂಡು ಹೊರಗೆ ಹೋಗಿ ಬೀಗರಿಗೆ ಫೋನ್ ಹಚ್ಚಿದರು. ಏನು ಮಾತಾಡಿದರೋ ನಾನು ಕೇಳಲಿಲ್ಲ.

ಆ ದಿನಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಬೇರೆಯೇ ಇತ್ತು. ಖಜಾಂಚಿಗೆ ಯಾರು ಎಷ್ಟು ಕೊಡುತ್ತಾರೆ, ಯಾರು ಕೂಗಿ ಕೊಡುವುದಿಲ್ಲ, ಯಾರ ಮನೆಯಲ್ಲಿ ಕಷ್ಟ ಬಂದಾಗ ಸಭೆ ಗುಟ್ಟಾಗಿ ಸಹಾಯ ಮಾಡಿತು ಎಲ್ಲಾ ಗೊತ್ತಿರುತ್ತದೆ. ನನ್ನ ಬಗ್ಗೆ ಜೋರಾಗಿ ಮಾತಾಡಿದ ಕೆಲವರ ಹಳೇ ಬಾಕಿ ನನಗೆ ಬಾಯಿಪಾಠ ಇತ್ತು. ಒಂದು ಮಾತು ಹೊರಗೆ ಬಿಟ್ಟಿದ್ದರೆ ಸಾಕಿತ್ತು. ಸಿಟ್ಟಿನಲ್ಲಿ ನಾಲಿಗೆಯ ತುದಿಗೆ ಬಂದದ್ದೂ ಉಂಟು. ಅದು ನನಗೆ ಹುದ್ದೆಯಿಂದ ಸಿಕ್ಕ ವಿಷಯ, ನನ್ನ ರಕ್ಷಣೆಗೆ ಖರ್ಚು ಮಾಡಲು ಅದು ನನ್ನದಲ್ಲ. ಹಣ ಮುಟ್ಟದವನು ಆ ಗುಟ್ಟನ್ನು ಮುಟ್ಟಿದರೆ ಅದೂ ನಂಬಿಕೆ ದ್ರೋಹವೇ. ಹೆಂಡತಿಗೂ ಹೇಳಲಿಲ್ಲ. ಅವಳಿಗೆ ಅದಕ್ಕೆ ನನ್ನ ಮೇಲೆ ಸಿಟ್ಟು ಬಂದಿತ್ತು, ಈಗಲೂ ಸ್ವಲ್ಪ ಇದೆ. ಪ್ರಾರ್ಥನೆಗೆ ಕೂತಾಗ 7ನೇ ಕೀರ್ತನೆ ಓದುತ್ತಿದ್ದೆ. ದಾವೀದ ಅಲ್ಲಿ ವೈರಿಗೆ ತೀರ್ಪು ಕೊಡು ಅನ್ನುವುದಕ್ಕಿಂತ ಮೊದಲು, ನನ್ನ ಕೈಯಲ್ಲಿ ಅನ್ಯಾಯ ಇದ್ದರೆ ಅವನು ನನ್ನನ್ನು ತುಳಿದು ಹಾಕಲಿ ಅನ್ನುತ್ತಾನೆ. ಆ ಭಾಗ ಜೋರಾಗಿ ಓದಲು ಧೈರ್ಯ ಬೇಕು.

ಕೇಸು ಹಾಕು ಅಂದವರೂ ಇದ್ದರು. ಮಾನನಷ್ಟಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 356ನೇ ಕಲಂ ಇದೆ, ಹಾಕಬಹುದಿತ್ತು. ಸಭೆಯೊಳಗೆ ಬಗೆಹರಿಯುವ ದಾರಿ ಇನ್ನೂ ತೆರೆದಿತ್ತು, ಅದಕ್ಕೆ ಹಾಕಲಿಲ್ಲ. ಕ್ರೈಸ್ತರು ಕೋರ್ಟ್ ಮೆಟ್ಟಿಲು ಹತ್ತಲೇಬಾರದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪೌಲ ರೋಮಿನ ಚಕ್ರವರ್ತಿ ಕೈಸರನಿಗೆ ಮನವಿ ಮಾಡಿಕೊಂಡ. ನನ್ನ ಮೇಲೆ ಪೊಲೀಸ್ ದೂರು ಆಗಿದ್ದರೆ ಅವತ್ತೇ ವಕೀಲರ ಹತ್ತಿರ ಹೋಗುತ್ತಿದ್ದೆ. ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಮಕ್ಕಳ ಮೇಲೆ ದೌರ್ಜನ್ಯ ಅಂತ ದೂರು ಬಂದರೆ ಮತ್ತಾಯ 18 ಹಿಡಿದುಕೊಂಡು ದೂರು ಕೊಟ್ಟವರ ಮನೆಗೆ ಹೋಗಬಾರದು, ಸಭೆಯೊಳಗೆ ಪಂಚಾಯ್ತಿ ಮಾಡಬಾರದು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಆರೋಪ ಸುಳ್ಳು ಅನ್ನುವವನು ಅದನ್ನು ತನಿಖೆಯಲ್ಲಿ ಹೇಳಲಿ. ನಾನು ಬರೆಯುತ್ತಿರುವುದು ಹಣದ ಲೆಕ್ಕದ ವಿಷಯ, ಎಲ್ಲಾ ಆರೋಪಕ್ಕೂ ಇದೇ ಔಷಧ ಅಲ್ಲ.

ಮೂವರ ವರದಿಯನ್ನು ಭಾನುವಾರ ಪ್ರಕಟಣೆಗಳ ಹೊತ್ತಿನಲ್ಲಿ ಕಾರ್ಯದರ್ಶಿ ಓದಿದರು. ಅಯ್ಯನವರು ನನ್ನನ್ನು ಮುಂದೆ ಬಂದು ಸಾಕ್ಷಿ ಹೇಳು ಅಂದರು, ಬೇಡ ಅಂದೆ. ಕಾಕಾ ಎದುರಿಗೇ ಕೂತಿದ್ದರು. ಅವರು ಕ್ಷಮೆ ಕೇಳಲಿಲ್ಲ. ಆಡಿಯೋ ಅಳಿಸಿದರು, ಅಷ್ಟೇ. ಎಷ್ಟೋ ದಿನ ಆದ ಮೇಲೆ ಒಂದು ಮದುವೆ ಊಟದಲ್ಲಿ ನನ್ನ ಪಕ್ಕ ಬಂದು ಕೂತು "ತಮ್ಮಾ, ಬದನಿಕಾಯಿ ಪಲ್ಯಾ ಚೊಲೋ ಆಗೇತಿ" ಅಂದರು. ನಾನೂ ಹೌದ್ರಿ ಅಂದೆ.

ಪದ್ಧತಿ ಬದಲಾಗಿದೆ. ಈಗ ಮೈಕಿನಲ್ಲಿ ನಗದು ಇಷ್ಟು, ಉದ್ರಿ ಇಷ್ಟು ಅಂತ ಬೇರೆ ಬೇರೆ ಹೇಳುತ್ತಾರೆ, ಅಂದಾಜು ಹೇಳುವುದೇ ಇಲ್ಲ. ನೆಂಟರಲ್ಲದ ಇಬ್ಬರು ಎಣಿಸಿ ಸಹಿ ಹಾಕುತ್ತಾರೆ. ಫೋನ್‌ಪೇ ಸ್ಕ್ಯಾನರ್ ಸಭೆಯ ಖಾತೆಗೇ ಇದೆ, ಯಾರ ಸ್ವಂತ ನಂಬರಿಗೂ ಅಲ್ಲ. ಬಾಕಿ ಪಟ್ಟಿ ಬೋರ್ಡಿಗೆ ಹಚ್ಚುವುದನ್ನು ನಿಲ್ಲಿಸಿದ್ದಾರೆ, ಒಬ್ಬೊಬ್ಬರಿಗೆ ಚೀಟಿ ಕೊಡುತ್ತಾರೆ. ಸಮಿತಿ ಹೇಳಿದ್ದಕ್ಕೆ ನಾನು ಮತ್ತೆ ಖಜಾಂಚಿ ಕೆಲಸಕ್ಕೆ ಬಂದೆ. ಆ 36,000 ಉದ್ರಿಯಲ್ಲಿ ಸ್ವಲ್ಪ ಇನ್ನೂ ಬರಬೇಕಾಗಿದೆ. ಫೋನ್ ಮಾಡಿದರೆ, ಬರುವ ತಿಂಗಳು ಪಗಾರ ಆಗಲಿ ಅನ್ನುತ್ತಾರೆ.